ಹಗ್ಗ ಯಾರ ಕೈಲಿ

ಕಾಗಾಲ
೨-೧೨-೧೯೬೩

ಚಿರಂಜೀವಿ ಅಣ್ಣಪ್ಪನಿಗೆ ಅವ್ವಿಯ ಆಶೀರ್ವಾದ.

ನಿನ್ನ ಕಾರ್ಡು ತುಳಸಿ ಲಗ್ನದ ಮರುದಿನ ಮುಟ್ಟಿತು. ಲಗ್ನಕ್ಕೆ ನೀನೂ ಇಲ್ಲ, ಅಳಿಯ ಬೀರಪ್ಪನೂ ಇಲ್ಲ. ನೆಲ್ಲಿಯ ಟೊಂಗೆ ಕಡಿದು ತಂದು ನಾನೇ ನೆಟ್ಟೆ. ನಿನ್ನ ತಂಗಿ ನಾಗು ಆರತಿ ಹಿಡಿದಳು. ಅವಳಿಗೆ ಈಗ ನಾಲ್ಕು ತಿಂಗಳು. ಅನ್ನ ಕಂಡರೆ ಆಗುವುದಿಲ್ಲ, ಹಸಿ ಅಕ್ಕಿ ತಿನ್ನುತ್ತಾಳೆ, ಬೈದರೆ ಅಳುತ್ತಾಳೆ.

ನೇತ್ರಾಣಿ ಗುಡ್ಡದ ಕ್ಯಾಂಪಿಗೆ ನಿನ್ನನ್ನೇ ಮ್ಯಾನೇಜರ ಮಾಡಿದರು ಎಂದು ಓದಿ ಕಾರ್ಡನ್ನು ದೇವರ ಮುಂದೆ ಇಟ್ಟೆ. ನಿನ್ನ ಅಪ್ಪ ಬದುಕಿಡೀ ಅಘನಾಶಿನಿ ಹೊಳೆಯ ತಳದಿಂದ ಚಿಪ್ಪು ತೆಗೆದು ಸುಣ್ಣದ ಗೂಡಿಗೆ ಹಾಕಿದವರು. ಅವರ ಮಗ ಇವತ್ತು ಮುಂಬಯಿ ಕಂಪನಿಯ ಮುಳುಗುಗಾರರಿಗೆಲ್ಲ ಯಜಮಾನ. ಅವರು ಇದ್ದಿದ್ದರೆ ತಾರಿ ದೋಣಿ ಹತ್ತುವವರಿಗೂ ಹೇಳುತ್ತಿದ್ದರು, ಇಳಿಯುವವರಿಗೂ ಹೇಳುತ್ತಿದ್ದರು.

ಈಗ ನಾನು ಒಂದು ಮಾತು ಕೇಳುತ್ತೇನೆ. ಇಷ್ಟು ದಿನ ಬೀರಪ್ಪ ನೀರಿಗಿಳಿದರೆ ಅವನ ಹಗ್ಗ ನಿನ್ನ ಕೈಯಲ್ಲಿರುತ್ತಿತ್ತು. ನೀನು ಮ್ಯಾನೇಜರ ಆದೆ. ಹಗ್ಗ ಈಗ ಯಾರ ಕೈಲಿ?

ನಮ್ಮ ಪದ್ಧತಿ ನಿನಗೆ ಗೊತ್ತಿದೆ. ಮುಳುಗುವವನ ಹಗ್ಗವನ್ನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಒಡಹುಟ್ಟಿದವನಿಗೆ ಪಾಲಿನ ಆಸೆ ಬಂದೀತು. ಗೆಳೆಯನಿಗೆ ತೂಕಡಿಕೆ ಬಂದೀತು. ತಂಗಿಯ ಕರಿಮಣಿ ಹಿಡಿದು ಕೂತವನಿಗೆ ಎರಡೂ ಬರುವುದಿಲ್ಲ. ನಿನ್ನ ಅಪ್ಪನ ಹಗ್ಗವನ್ನು ನನ್ನ ಅಣ್ಣ ಇಪ್ಪತ್ತೆರಡು ವರ್ಷ ಹಿಡಿದ. ಅಪ್ಪ ತೀರಿಕೊಂಡದ್ದು ಜ್ವರದಲ್ಲಿ, ಚಾಪೆಯ ಮೇಲೆ. ನೀರಿನಲ್ಲಲ್ಲ.

ಕೇರಿಯ ಲಕ್ಕಿ ದಿನಾ ಬಂದು ನಿನ್ನ ಕ್ಯಾಂಪಿನಲ್ಲಿರುವ ತನ್ನ ಮಗ ಸಣ್ಣನ ಸುದ್ದಿ ಕೇಳುತ್ತಾಳೆ. ಅವನ ಕಾರ್ಡು ಓದಿ ಹೇಳುವವಳು ನಾನೇ ಅಲ್ಲವೇ. ಈ ತಿಂಗಳು ಒಂದೂ ಬರಲಿಲ್ಲ. ನಾಲ್ಕು ಗೆರೆ ಗೀಚಲು ಹೇಳು.

ನಿನ್ನ ಅವ್ವಿ,
ಹೊನ್ನಮ್ಮ


ನೇತ್ರಾಣಿ ಕ್ಯಾಂಪು, ಭಟ್ಕಳ ಬಂದರಿನ ಮೇಲಿಂದ
೯-೧೨-೧೯೬೩

ಅವ್ವಿಯ ಪಾದಕ್ಕೆ ಅಣ್ಣಪ್ಪನ ನಮಸ್ಕಾರ.

ನಿನ್ನ ಪತ್ರ ನೀರಿನ ಪೀಪಾಯಿಗಳ ಜೊತೆ ಬಂತು. ಭಟ್ಕಳದಿಂದ ವಾರಕ್ಕೆ ಎರಡು ಸಲ ಮಚವೆ ದೋಣಿ ಬರುತ್ತದೆ. ನೀರು, ಅಕ್ಕಿ, ಟಪಾಲು ಎಲ್ಲ ಅದರಲ್ಲೇ. ಗುಡ್ಡದ ಮೇಲೆ ಒಂದು ಚೊಂಬು ಸಿಹಿನೀರು ಸಿಗುವುದಿಲ್ಲ. ಸುತ್ತ ಕಡಿದಾದ ಕಲ್ಲು. ಹತ್ತಲಿಕ್ಕೆ ಇರುವುದು ಒಂದೇ ಜಾಗ. ಅದರ ಮೇಲೆ ನಮ್ಮ ನಾಲ್ಕು ತಟ್ಟಿ ಗುಡಿಸಲು. ಮೀನುಗಾರರು ಹರಕೆ ಹೊತ್ತು ಜಟಗ ದೇವರಿಗೆ ಬಿಟ್ಟ ಆಡುಗಳು ಇಲ್ಲಿ ತುಂಬಾ ಇವೆ. ಯಾರೂ ಮುಟ್ಟುವ ಹಾಗಿಲ್ಲ ಎಂದು ಅವಕ್ಕೂ ಗೊತ್ತು. ಮೊನ್ನೆ ಒಂದು ಒಳಗೆ ನುಗ್ಗಿ ಹಾಜರಿ ಪುಸ್ತಕದ ಎರಡು ಹಾಳೆ ತಿಂದಿತು. ಕಂಪನಿಯ ಸಾಹೇಬರಿಗೆ ಏನೆಂದು ಬರೆಯುವುದೋ ತಿಳಿಯಲಿಲ್ಲ.

ಕೆಲಸ ಹೊಳೆಯ ಹಾಗಲ್ಲ. ನಾವು ಸಾಮಾನು ಎತ್ತಬೇಕಾದ ಮುಳುಗಿದ ಹಡಗು ಇಪ್ಪತ್ತು ಮಾರು ಆಳದಲ್ಲಿದೆ. ಮುಳುಗುವವನ ತಲೆಗೆ ತಾಮ್ರದ ಹಂಡೆಯಂಥ ಟೊಪ್ಪಿ, ಕಾಲಿಗೆ ಸೀಸದ ಬೂಟು. ದೋಣಿಯಲ್ಲಿ ಇಬ್ಬರು ಗಾಳಿ ಪಂಪಿನ ಚಕ್ರ ತಿರುಗಿಸುತ್ತ ಇರುತ್ತಾರೆ, ಗಾಳಿ ರಬ್ಬರಿನ ನಳಿಗೆಯಲ್ಲಿ ಕೆಳಗೆ ಹೋಗುತ್ತದೆ. ಮ್ಯಾನೇಜರ ಆದವನು ಗಡಿಯಾರ ಹಿಡಿದು ನಿಲ್ಲಬೇಕು. ಎಷ್ಟು ನಿಮಿಷ ಕೆಳಗಿದ್ದ, ಬರುವಾಗ ಎಲ್ಲಿ ಎಷ್ಟು ಹೊತ್ತು ನಿಲ್ಲಿಸಬೇಕು ಎಂದು ಕಂಪನಿಯ ಪುಸ್ತಕ ನೋಡಿ ಕೂಗಬೇಕು. ಅವನು ಬೇರೆ ಯಾವುದಕ್ಕೂ ಕೈ ಹಾಕಬಾರದು ಎಂದು ಸಾಹೇಬರ ಕಟ್ಟುನಿಟ್ಟು.

ಭಾವ ಆರಾಮ ಇದ್ದಾನೆ. ಹೊಟ್ಟೆ ಬಂದಿದೆ. ಸಣ್ಣನೂ ಆರಾಮ, ಲಕ್ಕಿ ಚಿಕ್ಕಿಗೆ ಹೇಳು.

ಅಣ್ಣಪ್ಪ


ಕಾಗಾಲ
೧೬-೧೨-೧೯೬೩

ಅಣ್ಣಪ್ಪನಿಗೆ ಆಶೀರ್ವಾದ.

ಆಡಿನ ವಿಷಯ ಬರೆದೆ. ಪೀಪಾಯಿಯ ವಿಷಯ ಬರೆದೆ. ಅಳಿಯನ ಹೊಟ್ಟೆಯ ವಿಷಯವನ್ನೂ ಬರೆದೆ. ನಾನು ಕೇಳಿದ್ದನ್ನು ಬರೆಯಲಿಲ್ಲ. ನಾನು ಓದಿದ್ದು ನಾಲ್ಕನೇ ಇಯತ್ತೆ ಆದರೂ ಪತ್ರದಲ್ಲಿ ಏನು ಇಲ್ಲ ಎಂಬುದು ನನಗೆ ಓದಲು ಬರುತ್ತದೆ.

ಸಣ್ಣ ಅಲ್ಲಿ ಮಾಡುವ ಕೆಲಸ ಯಾವುದು ಎಂದು ಲಕ್ಕಿಯನ್ನು ಕೇಳಿದೆ. ಹಗ್ಗ ಹಿಡಿಯುವುದು ಎಂದಳು. ಹಾಗಾದರೆ ಬೀರಪ್ಪನ ಹಗ್ಗ ಅವನ ಕೈಯಲ್ಲಿದೆ. ಸಣ್ಣ ಕೆಟ್ಟವನಲ್ಲ. ಆದರೆ ಅವನಿಗೂ ಬೀರಪ್ಪನಿಗೂ ಏನು ಸಂಬಂಧ? ನಾಗು ಅವನಿಗೆ ಯಾರು? ಎಂಟು ವರ್ಷದವನಿದ್ದಾಗ ನಮ್ಮ ಆಕಳ ಕರುವಿನ ಕಣ್ಣಿ ಕೈಯಲ್ಲಿ ಕೊಟ್ಟಿದ್ದೆ. ಅದನ್ನೇ ಬಿಟ್ಟು ಗಾಳಿಪಟ ನೋಡುತ್ತ ನಿಂತವ ಅವನು.

ನಿನ್ನೆ ಬೊಮ್ಮಯ್ಯ ದೇವರಲ್ಲಿ ಹೋಗಿ ಈ ಹಗ್ಗದ ವಿಷಯಕ್ಕೆ ಹೂವು ಕೇಳಿದೆ. ಎಡದ ಹೂವು ಬಿತ್ತು, ಬೇಡ ಎಂದು. ರಾತ್ರಿ ಊಟ ಸೇರಲಿಲ್ಲ. ದೇವರ ಪಾದಕ್ಕೆ ಮುಟ್ಟಿಸಿದ ದಾರ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ನಿನ್ನ ಬಲಗೈಗೆ ಕಟ್ಟಿಕೊ. ಬೀರಪ್ಪನ ಹಗ್ಗ ಆ ಕೈಯಲ್ಲೇ ಇರಬೇಕು. ಸಾಹೇಬ ಒಪ್ಪದಿದ್ದರೆ ಮ್ಯಾನೇಜರಿಕೆ ಬಿಟ್ಟು ಬಾ. ನಾವು ಮೊದಲೂ ಹೊಳೆಯ ಬಳಚು ಚಿಪ್ಪು ಬಿಡಿಸಿ ತಿಂದವರು.

ಇದು ನನ್ನ ಆಣೆ. ಇದರ ಮೇಲೆ ನಿನ್ನಿಷ್ಟ.

ಹೊನ್ನಮ್ಮ


ನೇತ್ರಾಣಿ ಕ್ಯಾಂಪು
೨೭-೧೨-೧೯೬೩

ಅವ್ವಿಗೆ ನಮಸ್ಕಾರ.

ದಾರ ಕಟ್ಟಿಕೊಂಡಿದ್ದೇನೆ. ಸಾಹೇಬರು ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಅವರು ಇಲ್ಲದ ದಿನ ಭಾವನ ಹಗ್ಗ ನಾನೇ ಹಿಡಿಯುತ್ತೇನೆ. ಆ ಹೊತ್ತಿಗೆ ಸಣ್ಣನನ್ನು ಪಂಪಿಗೆ ಹಾಕುತ್ತೇನೆ. ಗಡಿಯಾರವನ್ನು ದೋಣಿಯ ಕಂಬಕ್ಕೆ ನೇತು ಹಾಕಿದರೆ ಆಯಿತು. ಆಣೆ ಹಾಕುವ ಮೊದಲು ಒಂದು ಸಲ ನನ್ನನ್ನು ಕೇಳಬಹುದಿತ್ತು.

ಹಗ್ಗ ಎಳೆಯುವುದಕ್ಕಿಂತ ಎಳೆಯದೆ ಇರುವುದು ಇಲ್ಲಿ ಕಷ್ಟದ ಕೆಲಸ, ಅವ್ವಿ. ಕುಮಟೆಯ ಪೇಟೆಯಲ್ಲಿ ಗೋಲಿ ಸೋಡಾ ಒಡೆಯುವುದನ್ನು ನೋಡಿದ್ದೀಯ. ತಟ್ಟನೆ ಗೋಲಿ ಒತ್ತಿದರೆ ನೊರೆ ಉಕ್ಕುತ್ತದೆ. ಆಳದಲ್ಲಿ ಗಾಳಿ ಕುಡಿದವನ ರಕ್ತವೂ ಹಾಗೆಯೇ. ತಟ್ಟನೆ ಮೇಲೆ ತಂದರೆ ಮೈಯೊಳಗೆ ನೊರೆ ಏಳುತ್ತದೆ, ಕೈಕಾಲು ಹೋಗುತ್ತದೆ, ಜೀವವೂ ಹೋಗುತ್ತದೆ. ಅದಕ್ಕೆ ಐದು ಮಾರಿನಲ್ಲಿ, ಮೂರರಲ್ಲಿ, ಎರಡರಲ್ಲಿ, ಹೀಗೆ ಮೂರು ಕಡೆ ನಿಲ್ಲಿಸಿ ನಿಲ್ಲಿಸಿ ತರಬೇಕು. ಜಗ್ಗಿನ ಲೆಕ್ಕವೂ ಬೇರೆ. ಒಂದು ಜಗ್ಗು ಅಂದರೆ 'ನಿಂತಿದ್ದೇನೆ, ಕ್ಷೇಮ'. ನಾಲ್ಕು ಜಗ್ಗಿದರೆ 'ಮೇಲೆ ಎಳೆ'.

ನಾಗುವಿಗೆ ಭಾವ ಹೇಳಿ ಕಳಿಸಿದ್ದು: ಹಸಿ ಅಕ್ಕಿ ತಿನ್ನಬೇಡವಂತೆ, ಹುಟ್ಟುವ ಮಗು ಕೋಳಿಯ ಹಾಗೆ ಕೆರೆಯುತ್ತದಂತೆ.

ಅಣ್ಣಪ್ಪ


ಕಾಗಾಲ
೨೦-೧-೧೯೬೪

ಅಣ್ಣಪ್ಪನಿಗೆ ಆಶೀರ್ವಾದ.

ದಾರ ಕಟ್ಟಿಕೊಂಡೆ ಎಂದು ಓದಿದ ಮೇಲೆ ನಿದ್ದೆ ಬಂತು. ಮರುದಿನ ದೇವರಿಗೆ ಕಾಯಿ ಒಡೆಸಿದೆ. ಸಂಕ್ರಾಂತಿ ಚೆನ್ನಾಗಿ ಆಯಿತು. ನಾಗು ಈಗ ಅನ್ನ ತಿನ್ನುತ್ತಾಳೆ. ಕೋಳಿಯ ಮಾತು ಕೇಳಿ ನಕ್ಕಳು, ಆಮೇಲೆ ಒಳಗೆ ಹೋಗಿ ಅತ್ತಳು.

ನಿನ್ನ ಸೋಡಾದ ಕತೆ ನನ್ನ ತಲೆಗೆ ಹೋಗಲಿಲ್ಲ. ನೀರಿನಲ್ಲಿ ಅಲ್ಲಲ್ಲಿ ನಿಲ್ಲಲಿಕ್ಕೆ ಅದೇನು ಹೊನ್ನಾವರದ ಬಸ್ಸೇ? ನಿನ್ನ ಅಪ್ಪ ಎಲ್ಲಿಯೂ ನಿಂತವರಲ್ಲ. ಒಂದು ಜಗ್ಗು ಬಂದರೆ ಉಸಿರು ತೆಗೆದುಕೊಳ್ಳದೆ ಎಳೆಯಬೇಕು, ಎರಡನೇ ಜಗ್ಗಿಗೆ ಕಾದವನು ಹೆಣ ಎಳೆಯುತ್ತಾನೆ ಎಂದು ನನ್ನ ಅಣ್ಣ ಹೇಳುತ್ತಿದ್ದ. ನಿನಗೆ ಹತ್ತು ವರ್ಷ ಆದಾಗ ದೋಣಿಯಲ್ಲಿ ಕೂರಿಸಿಕೊಂಡು ಕಲಿಸಿದ್ದೂ ಅದನ್ನೇ. ಸಾಹೇಬರ ಪುಸ್ತಕ ಸಾಹೇಬರಿಗಿರಲಿ. ಕೈಗೆ ಗೊತ್ತಿದ್ದದ್ದನ್ನು ಮರೆಯಬೇಡ.

ಹೊನ್ನಮ್ಮ


ಭಟ್ಕಳ
೨೮-೨-೧೯೬೪

ಅವ್ವಿಗೆ,

ಬೀರಪ್ಪ ಭಾವನಿಗೆ ಕಾಲಿನ ತೊಂದರೆ ಆಗಿ ಭಟ್ಕಳದ ಆಸ್ಪತ್ರೆಯಲ್ಲಿ ಇದ್ದಾನೆ. ಜೀವಕ್ಕೆ ಭಯವಿಲ್ಲ. ನೀನು ಹೊರಟು ಬರಬೇಡ. ನಾಗುವಿನ ಹತ್ತಿರ ಭಾವನಿಗೆ ಜ್ವರ ಎಂದು ಹೇಳು. ವಿವರ ಬರೆಯುತ್ತೇನೆ.

ಅಣ್ಣಪ್ಪ


ಭಟ್ಕಳ
೯-೩-೧೯೬೪

ಅವ್ವಿಗೆ ನಮಸ್ಕಾರ.

ನಿನ್ನ ಎರಡು ಪತ್ರವೂ ಬಂದವು. ಭಾವ ಎದ್ದು ಕೂರುತ್ತಾನೆ. ಬಲಗಾಲಿಗೆ ಶಕ್ತಿ ಬರುತ್ತಿದೆ, ಎಡಗಾಲು ಇನ್ನೂ ಇಲ್ಲ.

ಆದದ್ದು ಇಷ್ಟು. ಮೇಲೆ ಬರುವಾಗ ನಿಲ್ಲಿಸಬೇಕಾದಲ್ಲಿ ನಿಲ್ಲಿಸದೆ ಎಳೆದುಬಿಟ್ಟರು. ಹಗ್ಗ ಸಣ್ಣನ ಕೈಯಲ್ಲಿತ್ತು. ನಾನು ಆ ಹೊತ್ತಿಗೆ ಬೇರೆ ಕೆಲಸದಲ್ಲಿದ್ದೆ. ಅವನು ಬೇಕೆಂದು ಮಾಡಿದ್ದಲ್ಲ. ಇದನ್ನು ದೊಡ್ಡದು ಮಾಡಬೇಡ. ಲಕ್ಕಿ ಚಿಕ್ಕಿಗೆ ಏನೂ ಹೇಳಬೇಡ.

ಅಣ್ಣಪ್ಪ


ಕಾಗಾಲ
೧೫-೩-೧೯೬೪

ಅಣ್ಣಪ್ಪನಿಗೆ,

ಬೇರೆ ಕೆಲಸದಲ್ಲಿದ್ದೆ ಎಂದು ಬರೆಯಲು ನಿನಗೆ ಕೈ ಬಂತು. ಆಣೆ ಹಾಕಿ ದಾರ ಕಳಿಸಿದವಳು ನಾನು ಇನ್ನೂ ಬದುಕಿದ್ದೇನೆ. ಯಾವ ಕೆಲಸ ಅದು? ಆಡು ಕಾಯುವುದೇ?

ನಾಗುವಿಗೆ ಗೊತ್ತಾಯಿತು. ನಾನು ಹೇಳಲಿಲ್ಲ. ಜ್ವರ ಬಂದವನಿಗೆ ಹದಿನೈದು ದಿನ ಯಾರೂ ಆಸ್ಪತ್ರೆಯಲ್ಲಿ ಮಂಚ ಕೊಡುವುದಿಲ್ಲ ಎಂದು ಅವಳೇ ಹೇಳಿದಳು. ಅಳಲಿಲ್ಲ. ಅದೇ ನನಗೆ ಹೆದರಿಕೆ.

ಲಕ್ಕಿಗೆ ಹೇಳಬೇಡ ಎಂದು ಬರೆದೆ. ನನ್ನಿಂದ ಆಗಲಿಲ್ಲ. ಬಾವಿಕಟ್ಟೆಯಲ್ಲಿ ಏಳೆಂಟು ಜನ ಇದ್ದರು. ಅವಳು ಎಂದಿನ ಹಾಗೆ ನಗುತ್ತ ಬಂದು, 'ಹೊನ್ನಕ್ಕ, ಕಾರ್ಡು ಎಂತಾದ್ರೂ ಬಂತೆ?' ಎಂದಳು. ನಿನ್ನ ಮಗನ ಕೈಗೆ ಹಗ್ಗ ಕೊಟ್ಟದ್ದಕ್ಕೆ ನನ್ನ ಮಗಳು ಕುಂಟನ ಹೆಂಡತಿ ಆದಳು ಎಂದೆ. ಇನ್ನೂ ಹೇಳಿದೆ, ಅದನ್ನು ಬರೆಯುವುದಿಲ್ಲ. ಅವಳು ತುಂಬಿದ ಕೊಡವನ್ನು ಅಲ್ಲೇ ಬಿಟ್ಟು ಹೋದಳು.

ಹೊನ್ನಮ್ಮ


ಕಾಗಾಲ
೩-೪-೧೯೬೪

ಅಣ್ಣಪ್ಪನಿಗೆ,

ಮೂರು ವಾರವಾಯಿತು, ನಿನ್ನದು ಒಂದು ಗೆರೆ ಇಲ್ಲ.

ಊರಿನ ಸುದ್ದಿ ಬರೆಯುತ್ತೇನೆ. ಬಾವಿಕಟ್ಟೆಯ ಮಾತು ಕೇರಿಗೆಲ್ಲ ಹಬ್ಬಿತು. ಲಕ್ಕಿ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಏಳುತ್ತಾರೆ. ಬಳಚು ಆರಿಸಲು ಹೊಳೆಗೆ ಹೋಗುವ ದೋಣಿಯಲ್ಲೂ ಅವಳಿಗೆ ಜಾಗವಿಲ್ಲ ಅಂದರಂತೆ. ಅಷ್ಟು ಮಾಡಿ ಎಂದು ನಾನು ಹೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಮೊನ್ನೆ ಸಣ್ಣನ ಕಾರ್ಡು ಬಂತು. ಲಕ್ಕಿ ತಂದು ನನ್ನ ಜಗುಲಿಯ ಮೇಲಿಟ್ಟು ದೂರ ನಿಂತಳು. ಹನ್ನೆರಡು ವರ್ಷದಿಂದ ಅವಳ ಕಾರ್ಡು ಓದಿದವಳು ನಾನು. 'ನಿನ್ನ ಮಗನ ಅಕ್ಷರ ನಂಗೆ ಕಾಣೂದಿಲ್ಲ' ಎಂದು ಒಳಗೆ ಹೋದೆ. ಅವಳು ಅದನ್ನು ಎತ್ತಿಕೊಂಡು ಬಿಸಿಲಿನಲ್ಲಿ ಕುಮಟೆಗೆ ನಡೆದಳಂತೆ, ಯಾರೋ ಕಾರಕೂನನ ಹತ್ತಿರ ಓದಿಸಲಿಕ್ಕೆ.

ಅವಳು ಅನುಭವಿಸಲಿ ಎಂದು ಬೆಳಿಗ್ಗೆ ಅನಿಸುತ್ತದೆ. ಸಂಜೆ ದೇವರಿಗೆ ದೀಪ ಹಚ್ಚುವಾಗ ಅನಿಸುವುದಿಲ್ಲ. ನೀನು ಯಾಕೆ ಬರೆಯುತ್ತಿಲ್ಲ?

ಹೊನ್ನಮ್ಮ


ಭಟ್ಕಳ
೧೦-೪-೧೯೬೪

ಅವ್ವಿಯ ಪಾದಕ್ಕೆ.

ಈ ಪತ್ರವನ್ನು ಕೂತು ಓದು.

ಹಗ್ಗ ಸಣ್ಣನ ಕೈಯಲ್ಲಿ ಇರಲಿಲ್ಲ. ನನ್ನ ಕೈಯಲ್ಲಿತ್ತು. ನಿನ್ನ ದಾರವೂ ಆ ಕೈಯಲ್ಲೇ ಇತ್ತು.

ಫೆಬ್ರವರಿ ಇಪ್ಪತ್ತೈದು, ಮಂಗಳವಾರ. ಸಾಹೇಬರು ಮುಂಬಯಿಗೆ ಹೋಗಿದ್ದರು. ಸಣ್ಣನನ್ನು ಪಂಪಿನ ಚಕ್ರಕ್ಕೆ ಹಾಕಿ ಹಗ್ಗ ನಾನು ತೆಗೆದುಕೊಂಡೆ. ಗಡಿಯಾರ ಕಂಬದಲ್ಲಿ ತೂಗುತ್ತಿತ್ತು. ಹಗ್ಗ ಹಿಡಿದವನ ಕಣ್ಣು ನೀರಿನ ಮೇಲಿರುತ್ತದೆ, ಗಡಿಯಾರದ ಮೇಲಿರುವುದಿಲ್ಲ. ನಲವತ್ತು ನಿಮಿಷ ಇರಬೇಕಾದ ಭಾವ ಅರುವತ್ತು ನಿಮಿಷ ಕೆಳಗಿದ್ದ. ಮೊದಲ ತಪ್ಪು ಅದು.

ನಾಲ್ಕು ಜಗ್ಗು ಬಂತು. ನಿಧಾನ ಎಳೆದೆ. ಐದು ಮಾರಿಗೆ ಬಂದಾಗ ನಿಲ್ಲಿಸಿದೆ. ಅಲ್ಲಿ ತುಂಬ ಹೊತ್ತು ಇಡಬೇಕಿತ್ತು. ಅಷ್ಟರಲ್ಲಿ ದೋಣಿ ತಿರುಗಿತು, ಗುಳ್ಳೆ ಏಳುವುದು ಕಾಣಲಿಲ್ಲ. ಒಂದು ನಿಮಿಷವೋ ಎರಡು ನಿಮಿಷವೋ. ನನಗೆ ನಾಗುವಿನ ಮುಖ ಕಂಡಿತು. ಆಗ ಒಂದು ಜಗ್ಗು ಬಂತು.

ಅದರ ಅರ್ಥ 'ನಿಂತಿದ್ದೇನೆ, ಕ್ಷೇಮ'. ಅದನ್ನು ಹತ್ತು ಜನರಿಗೆ ಕಲಿಸಿದವನು ನಾನು. ನನ್ನ ತಲೆಗೆ ಕಂಪನಿಯ ಲೆಕ್ಕ ಗೊತ್ತಿತ್ತು, ಅವ್ವಿ. ಕೈಗೆ ಅಘನಾಶಿನಿಯ ಲೆಕ್ಕವೇ ಗೊತ್ತು. ಕೈ ಎಳೆಯಿತು. ಪಂಪಿನ ಹತ್ತಿರದಿಂದ ಸಣ್ಣ, 'ಬಿಡು ಅಣ್ಣಪ್ಪ, ಒಂದೇ ಜಗ್ಗು ಅದು, ಬಿಡು' ಎಂದು ಕೂಗುತ್ತಲೇ ಇದ್ದ. ಚಕ್ರ ಬಿಟ್ಟು ಬಂದರೆ ಕೆಳಗಿದ್ದವನಿಗೆ ಗಾಳಿ ನಿಲ್ಲುತ್ತದೆ, ಅದಕ್ಕೆ ಬರುವ ಹಾಗಿರಲಿಲ್ಲ. ನನ್ನ ಕಿವಿಗೆ ಕೇಳಿತು. ಕೈಗೆ ಕೇಳಲಿಲ್ಲ. ಉಸಿರು ತೆಗೆದುಕೊಳ್ಳದೆ ಎಳೆದೆ.

ಟೊಪ್ಪಿ ತೆಗೆದಾಗ ಭಾವ ನಗುತ್ತಿದ್ದ. 'ಎಂತಕ್ಕೆ ಎಳ್ದೆ ಮಾರಾಯ, ಊಟಕ್ಕೆ ಹೊತ್ತಾಯ್ತೆ?' ಎಂದ. ಹತ್ತು ನಿಮಿಷ ಮಾತಾಡುತ್ತ ಕೂತಿದ್ದ. ಆಮೇಲೆ ತನ್ನ ಕಾಲನ್ನೇ ನೋಡಿ, 'ಅಣ್ಣಪ್ಪ, ಇದು ನನ್ ಕಾಲು ಹೌದೋ ಅಲ್ದೋ ನೋಡು, ನಂಗೆ ತಿಳೀತಿಲ್ಲೆ' ಎಂದ.

ಇಂಥ ಹೊತ್ತಿನಲ್ಲಿ ಅವನನ್ನು ತಿರುಗಿ ಆಳಕ್ಕೆ ಇಳಿಸಿ, ಗಂಟೆಗಟ್ಟಲೆ ನಿಲ್ಲಿಸುತ್ತ ತರಬೇಕು ಎಂದು ಪುಸ್ತಕದಲ್ಲಿದೆ. ಬೇರೆ ಮದ್ದು ಗುಡ್ಡದಲ್ಲಿಲ್ಲ. ಅರ್ಧ ಸತ್ತವನನ್ನು ಮುಳುಗಿಸಬೇಡ ಎಂದು ಪಂಪಿನ ಇನ್ನೊಬ್ಬ ಅಳಲಿಕ್ಕೆ ಶುರು ಮಾಡಿದ. ನಾನು ಹಗ್ಗ ಹಿಡಿದೆ, ಒಂದು ಮಾರೂ ಕೆಳಗೆ ಬಿಡಲು ಆಗಲಿಲ್ಲ. ಸಣ್ಣ ಬಂದು ನನ್ನ ಬೆರಳು ಒಂದೊಂದಾಗಿ ಬಿಡಿಸಿದ. 'ನೀ ಗಡಿಯಾರ ಹಿಡಿ. ಹಗ್ಗ ನಂಗೆ ಕೊಡು' ಎಂದ. ದೋಣಿಯಲ್ಲೇ ಇದ್ದ ಕ್ಯಾಂಪಿನ ಅಡುಗೆಯವನು ಪಂಪಿಗೆ ನಿಂತ. ಮೂರೂವರೆ ತಾಸು ನಾನು ನಿಮಿಷ ಕೂಗಿದೆ, ಸಣ್ಣ ಮಾರು ಬಿಟ್ಟ, ಮಾರು ತಂದ. ಒಂದು ಸಲವೂ ಅವನು ಕೂರಲಿಲ್ಲ. ಭಾವನ ಒಂದು ಕಾಲು ತಿರುಗಿ ಬಂದದ್ದು ಅವನಿಂದ.

ಕಂಪನಿಯ ಪುಸ್ತಕದಲ್ಲಿ ನನ್ನ ಹೆಸರನ್ನೇ ಬರೆದಿದ್ದೇನೆ. ಸಾಹೇಬರು ಬೈದರು, ಸಂಬಳ ಕಡಿದರು, ಬೇರೆ ಜನ ಸಿಗುವತನಕ ಇರು ಎಂದರು. ಅಲ್ಲಿ ಬರೆಯುವುದು ಸುಲಭವಿತ್ತು. ನಿನಗೆ ಬರೆಯಲು ಕೂತರೆ ನಿನ್ನ ಆಣೆ, ನಿನ್ನ ದಾರ ಕಣ್ಣಿಗೆ ಬರುತ್ತಿತ್ತು. ನನ್ನ ಹೆಸರು ಹಾಕು ಎಂದು ಸಣ್ಣನೇ ಹೇಳಿದ. 'ನಮ್ಮವ್ವಿಗೆ ಓದೂಕೆ ಬರೂದಿಲ್ಲ, ನಿಮ್ಮವ್ವಿ ಎರಡು ದಿನ ಬೈದು ಮರೀತದೆ' ಎಂದು ನಕ್ಕ. ಬಾವಿಕಟ್ಟೆಯ ಸುದ್ದಿ ಅವನಿಗೆ ನಾನಿನ್ನೂ ಹೇಳಿಲ್ಲ.

ಭಾವ ಮುಂದಿನ ವಾರ ಮನೆಗೆ ಬರುತ್ತಾನೆ. ಅವನಿಗೆ ನಿನ್ನ ಪತ್ರ ಓದಿ ಹೇಳಿದೆ. 'ನಾ ಮನೆ ಮುಟ್ಟೂ ಮೊದ್ಲು ನೀ ಬರೆ. ಅತ್ತೆ ಎದ್ರಿಗೆ ನಾ ಸುಳ್ಳು ಹೇಳೂದಿಲ್ಲ' ಎಂದ. ಬರೆದಿದ್ದೇನೆ.

ಅಣ್ಣಪ್ಪ


ಕಾಗಾಲ
೨೭-೪-೧೯೬೪

ಅಣ್ಣಪ್ಪನಿಗೆ ಅವ್ವಿಯ ಆಶೀರ್ವಾದ.

ತಡವಾಯಿತು. ಸಿಟ್ಟಿನಿಂದಲ್ಲ. ಏನು ಬರೆಯಬೇಕೆಂದು ಗೊತ್ತಾಗಲಿಲ್ಲ.

ಬೀರಪ್ಪ ಬಂದ. ಬಸ್ಸಿನಿಂದ ಇಳಿದು ಊರುಗೋಲು ಹಿಡಿದು ಗದ್ದೆಯ ಅಂಚಿನಲ್ಲಿ ನಡೆದೇ ಬಂದ. ನಾಗು ಅಂಗಳದಲ್ಲಿ ನಿಂತು ನೋಡಿದಳು. ಎಡಗಾಲು ಎಳೆಯುತ್ತದೆ. ಅವಳು ಹೋಗಿ ಆ ಬದಿಗೇ ನಿಂತಳು. ಅವಳಿಗೆ ದಿನ ತುಂಬಿದೆ.

ನಾನು ಬೊಮ್ಮಯ್ಯ ದೇವರಲ್ಲಿ ಹೋದೆ. ನಾನು ಕೇಳಿದ ಹೂವಿಗೆ ದೇವರು ಎಡವನ್ನೇ ಕೊಟ್ಟಿದ್ದ. ಬೇಡ ಎಂದು ಹೇಳಿದ್ದನ್ನು ನಾನು ಸಣ್ಣನ ಕೈ ಬೇಡ ಎಂದು ನನಗೆ ಬೇಕಾದ ಹಾಗೆ ತಿಳಿದುಕೊಂಡೆ. ದೇವರ ಮೇಲೆ ಹಾಕಲಿಕ್ಕೆ ಏನೂ ಉಳಿಯಲಿಲ್ಲ. ಹಗ್ಗ ನಿನ್ನ ಕೈಯಲ್ಲಿತ್ತು, ನಿನ್ನ ಕೈ ನನ್ನ ಕೈಯಲ್ಲಿತ್ತು. ಇದು ಇಬ್ಬರಿಗೂ ಗೊತ್ತಿರಲಿ. ಇನ್ನು ಇದರ ಮೇಲೆ ಅಳುವ ಪತ್ರ ನೀನೂ ಬರೆಯಬೇಡ, ನಾನೂ ಬರೆಯುವುದಿಲ್ಲ.

ಮಾಡಬೇಕಾದದ್ದು ಬೇರೆ ಇತ್ತು. ಅಂದಿನ ಹಾಗೆ ನೀರು ಸೇದುವ ಹೊತ್ತು ನೋಡಿ ಬಾವಿಕಟ್ಟೆಗೆ ಹೋದೆ. ಆವತ್ತು ಇದ್ದವರೆಲ್ಲ ಇದ್ದರು. ಲಕ್ಕಿ ದೂರದಲ್ಲಿ, ಎಲ್ಲರೂ ಹೋಗಲಿ ಎಂದು ಕೊಡ ಇಟ್ಟುಕೊಂಡು ಕೂತಿದ್ದಳು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಬೀರಪ್ಪನ ಕಾಲು ತೆಗೆದವನು ನನ್ನ ಮಗ. ಉಳಿದ ಕಾಲು ಉಳಿಸಿಕೊಟ್ಟವನು ಲಕ್ಕಿಯ ಮಗ. ನನ್ನ ಮಗನಿಗೆ ಹಾಗೆ ಮಾಡು ಎಂದು ಆಣೆ ಹಾಕಿದವಳು ನಾನು. ಇದು ಗೊತ್ತಿಲ್ಲದೆ ನಾನು ಆಡಿದ ಮಾತು ಸುಳ್ಳು. ಆಮೇಲೆ ಲಕ್ಕಿಯ ಕೊಡ ನಾನೇ ತುಂಬಿಸಿ ಎತ್ತಿ ಅವಳಿಗೆ ಕೊಟ್ಟೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನ ಗಂಟು ಬಿಚ್ಚಿ ಒಂದು ಕಾರ್ಡು ತೆಗೆದಳು. ನಾನು ಓದದೆ ಕಳಿಸಿದ್ದು. ಮಡಿಸಿ ಮಡಿಸಿ ಹರಿದಿತ್ತು. ಬೀರಪ್ಪನ ಜಾಗಕ್ಕೆ ಜನ ಇಲ್ಲ, ನಾನೇ ಮುಳುಗಲಿಕ್ಕೆ ಇಳಿಯುತ್ತೇನೆ ಎಂದು ಸಣ್ಣ ಬರೆದಿದ್ದಾನೆ. ಕುಮಟೆಯ ಕಾರಕೂನ ಓದಿ ಹೇಳಿದನಂತೆ. ಮೂರು ವಾರದಿಂದ ಅವಳು ಅದನ್ನು ಯಾರಿಗೂ ಹೇಳದೆ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದ್ದಾಳೆ. ಹೇಳಲಿಕ್ಕೆ ಅವಳಿಗೆ ನಾವು ಯಾರನ್ನೂ ಬಿಟ್ಟಿರಲಿಲ್ಲ.

ಕಾರ್ಡನ್ನು ನನ್ನ ಕೈಗೆ ಕೊಟ್ಟು ಕೇಳಿದಳು: 'ಹೊನ್ನಕ್ಕ, ನನ್ ಮಗನ ಹಗ್ಗ ಯಾರ ಕೈಲಿ?'

ಸಣ್ಣನಿಗೆ ಮದುವೆ ಆಗಿಲ್ಲ. ಹೆಂಡತಿ ಇಲ್ಲ, ಹೆಂಡತಿಯ ಅಣ್ಣ ಎಲ್ಲಿಂದ? ನಮ್ಮ ಪದ್ಧತಿಯಲ್ಲಿ ಅವನಿಗೆ ಒಬ್ಬರೂ ಇಲ್ಲ. ಕಡೆಗೆ ಹೇಳಿದೆ, 'ಹಗ್ಗ ಯಾರೇ ಹಿಡೀಲಿ ಲಕ್ಕಿ, ನನ್ ಮಗ ಗಡಿಯಾರ ಹಿಡ್ಕಂಡು ನಿಂತಿರ್ತಾನೆ.'

'ಗಡಿಯಾರ ಎಳೀತದ್ಯೆ?' ಎಂದಳು.

'ಎಳಿಯೂದಿಲ್ಲ. ಅದ್ಕೇ ಹೇಳ್ದೆ' ಎಂದೆ.

ಅವಳಿಗೆ ಅರ್ಥ ಆಯಿತೋ ಇಲ್ಲವೋ ಗೊತ್ತಿಲ್ಲ. ಕೊಡ ಸೊಂಟಕ್ಕೆ ಇಟ್ಟುಕೊಂಡು ನನ್ನ ಜೊತೆಗೇ ನಡೆದು ಬಂದಳು. ಸಂಜೆ ನಾಗುವಿಗೆ ಎಣ್ಣೆ ತಿಕ್ಕಲಿಕ್ಕೆ ಬಂದಳು.

ಆದ್ದರಿಂದ ಇದನ್ನು ಕೇಳು. ಆಣೆ ಅಲ್ಲ, ಮಾತು ಅಷ್ಟೇ. ಆ ದಾರ ಬಿಚ್ಚಿ ಸಮುದ್ರಕ್ಕೆ ಬಿಡು. ಮಳೆಗಾಲಕ್ಕೆ ಕ್ಯಾಂಪು ಏಳುವತನಕ ಸಣ್ಣ ಇಳಿದ ಹೊತ್ತಿನಲ್ಲಿ ನೀನು ಹಗ್ಗ ಮುಟ್ಟಬೇಡ. ಸಾಹೇಬ ಇರಲಿ, ಇಲ್ಲದೆ ಇರಲಿ. ಅವನು ಇಳಿದ ದಿನ ಒಂದು ಕಾರ್ಡು ಹಾಕು. ನನ್ನ ಹೆಸರಿಗಲ್ಲ, ಲಕ್ಕಿಯ ಹೆಸರಿಗೆ. ನಾನು ಓದಿ ಹೇಳುತ್ತೇನೆ. ಅದರಲ್ಲಿ ಸುಳ್ಳಿದ್ದರೆ ನಾನು ಓದುವಾಗ ನನಗೆ ಗೊತ್ತಾಗುತ್ತದೆ. ಒಂದು ಸಲ ಗೊತ್ತಾಗಲಿಲ್ಲ, ಅದು ಸಾಕು.

ಹೊನ್ನಮ್ಮ


ನೇತ್ರಾಣಿ ಕ್ಯಾಂಪು
೬-೫-೧೯೬೪

ಲಕ್ಕಿ ಚಿಕ್ಕಿಗೆ ಅಣ್ಣಪ್ಪನ ನಮಸ್ಕಾರ.
(ಓದಿ ಹೇಳುವವರು: ನಮ್ಮ ಅವ್ವಿ.)

ಇವತ್ತು ಸಣ್ಣ ಇಪ್ಪತ್ತು ಮಾರು ಇಳಿದ. ನಲವತ್ತು ನಿಮಿಷ ಇದ್ದ. ಹಗ್ಗ ಹಿಡಿದವನು ಪಂಪಿಗೆಂದು ಹುಡುಕಿ ತಂದ ಹೊಸ ಜನ, ಅಂಕೋಲೆಯವನು, ಸಂಬಂಧ ಏನೂ ಇಲ್ಲ. ಬರುವಾಗ ಐದು ಮಾರಿನಲ್ಲಿ ನಿಲ್ಲಿಸಿದೆವು. ಗುಳ್ಳೆ ಸ್ವಲ್ಪ ಹೊತ್ತು ಕಾಣಲಿಲ್ಲ. ಒಂದು ಜಗ್ಗು ಬಂತು.

ಯಾರೂ ಎಳೆಯಲಿಲ್ಲ.

ನಾನು ನಿಮಿಷ ಎಣಿಸಿದೆ. ಮೂರು ಕಡೆ ನಿಂತು, ಏಣಿ ಹತ್ತಿ ತಾನೇ ಬಂದ. ಈಗ ನನ್ನ ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದಾನೆ. ಕಾಲು ಅಲ್ಲಾಡಿಸಿ ತೋರಿಸು ಎಂದೆ, ತೋರಿಸಿದ. ಎರಡೂ.

ಅಣ್ಣಪ್ಪ